ಮೂವತ್ತಾರು ಸಾಲಿನ ಹಿಮನದಿ

ದೋಣಿ ನಿಲ್ಲಿಸಿ ಹಿಮನದಿಯ ಫೋಟೊ ತೆಗೆಯುವವರನ್ನು ಕಂಡರೆ ಥೆಕ್ಲಾಗೆ ನಗು ಬರುತ್ತದೆ. ಅಪ್ಪಾಲಿಕ್ ಊರಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಹಿಮನದಿ ಕಡಲಿಗಿಳಿಯುವ ಜಾಗದಲ್ಲಿ, ಆ ನೀಲಿ ಗೋಡೆಯ ಎದುರಿಗೆ, ಎಂಜಿನ್ ಆರಿಸಬಾರದು. ದೋಣಿಯ ಮೂತಿ ಗೋಡೆಯ ಕಡೆ ತಿರುಗಿರಬಾರದು. ದನಿ ಎತ್ತಿ ಮಾತಾಡಬಾರದು. ಮೊದಲೆರಡು ಯಾಕೆ ಎಂಬುದು ಗೋಡೆಯಿಂದ ಒಂದು ತುಂಡು ಕಳಚಿ ನೀರಿಗೆ ಬಿದ್ದ ದಿನ ಎಂಥವರಿಗೂ ಅರ್ಥವಾಗುತ್ತದೆ. ಮೂರನೆಯದು ಹಿರಿಯರ ಕಾಲದ್ದು. ಕಾರಣ ಕೇಳಿದರೆ, “ಮಲಗಿದವರನ್ನ ಎಬ್ಬಿಸೋ ಚಾಳಿ ಇದೆಯೇನು ನಿಂಗೆ?” ಎಂದು ತಿರುಗಿ ಕೇಳುತ್ತಾರೆ.

ಥೆಕ್ಲಾಗೆ ಈಗ ಐವತ್ತೆಂಟು. ವರ್ಷದ ಬಹುಪಾಲು ಊರಿನ ಮೀನಿನ ಕಾರ್ಖಾನೆಯಲ್ಲಿ ಹಾಲಿಬಟ್ ಮೀನಿನ ತಲೆ ಕತ್ತರಿಸುವುದು ಅವಳ ಕೆಲಸ. ಗ್ರೀನ್‌ಲ್ಯಾಂಡಿನ ವಾಯವ್ಯ ಕರಾವಳಿಯ ಆ ಊರಿನಲ್ಲಿ ಇರುವುದು ನೂರ ಎಂಬತ್ತು ಜನ, ಅವರಲ್ಲಿ ಅರ್ಧ ಜನರದ್ದು ಅದೇ ಕೆಲಸ. ಆದರೆ ಪ್ರತಿ ಆಗಸ್ಟಿನಲ್ಲಿ, ಮಂಜಿನ ಕಾವಳ ಪೂರ್ತಿ ಸರಿದ ಮೊದಲ ದಿನ, ಏಳು ನಿಮಿಷದ ಮಟ್ಟಿಗೆ ಅವಳ ಕೆಲಸ ಬೇರೆ. ಓಡುವ ದೋಣಿಯಲ್ಲಿ ನಿಂತು ಅವಳು ಹಿಮನದಿಯ ಮುಖವನ್ನು ಈ ತುದಿಯಿಂದ ಆ ತುದಿಯವರೆಗೆ ಕ್ಯಾಮೆರಾದಲ್ಲಿ ಹಿಡಿಯುತ್ತಾಳೆ. ಇಪ್ಪತ್ತೆರಡು ಬೇಸಿಗೆ ಹಿಡಿದಿದ್ದಳು. ಇಪ್ಪತ್ತಮೂರನೆಯ ಬೇಸಿಗೆಯಲ್ಲಿ ಅದೆಲ್ಲ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಎದ್ದಿತು.

ಚುಕ್ಕಾಣಿ ಹಿಡಿಯುವವನು ಅವಳ ತಮ್ಮ ಎನೋಕ್. ಅವನು ಅಕ್ಕನನ್ನು ಕರೆಯುವುದು ‘ತಾತಾ’ ಎಂದು. ಅವರ ಅಮ್ಮನ ಅಪ್ಪ ತೋಬಿಯಾಸ್ ತೀರಿಕೊಂಡ ಮೂರನೆಯ ವಾರ ಥೆಕ್ಲಾ ಹುಟ್ಟಿದಳು. ಸತ್ತವರ ಹೆಸರು ಹುಟ್ಟಿದವರಿಗೆ ಹೋಗುವುದು ಅಲ್ಲಿನ ಪದ್ಧತಿ. ಥೆಕ್ಲಾಳ ಎರಡನೆಯ ಹೆಸರು ತೋಬಿಯಾಸ್. ಹೆಸರಿನ ಜೊತೆ ಸಂಬಂಧವೂ ಹೋಗುತ್ತದೆ. ಅಮ್ಮ ಬದುಕಿರುವವರೆಗೂ ಮಗಳನ್ನು ‘ಅಪ್ಪಾ’ ಎಂದೇ ಕರೆದಳು, ಮೀನಿನ ಕೆನ್ನೆಯ ತಿರುಳನ್ನು ಮೊದಲು ಅವಳ ತಟ್ಟೆಗೇ ಬಡಿಸಿದಳು. ತೋಬಿಯಾಸ್ ಚರ್ಮದ ಕಯಾಕ್ ದೋಣಿಯಲ್ಲಿ ಆ ಗೋಡೆಯ ಮುಂದೆ ನಲವತ್ತು ವರ್ಷ ಓಡಾಡಿದವನು. ಆದ್ದರಿಂದ ಹಿಮನದಿಯ ವಿಷಯ ಬಂದಾಗ ಎನೋಕ್ ಅಕ್ಕನನ್ನು ರೇಗಿಸುತ್ತಾನೆಯೇ ಹೊರತು ಅವಳ ಮಾತು ಮೀರುವುದಿಲ್ಲ.

ಈ ಕೆಲಸ ಅವಳ ಪಾಲಿಗೆ ಬಂದದ್ದು ಆಕಸ್ಮಿಕವಾಗಿ. ಹಿಮನದಿಯನ್ನು ಅಳೆಯಲು ಡೆನ್ಮಾರ್ಕಿನಿಂದ ಬಂದಿದ್ದ ಸಂಶೋಧಕನೊಬ್ಬ ಎರಡು ದಿನ ದೋಣಿಯಲ್ಲಿ ವಾಂತಿ ಮಾಡಿಕೊಂಡು ಮಲಗಿದ. ಮೂರನೆಯ ದಿನ ಕ್ಯಾಮೆರಾ ಅವಳ ಕೈಗೆ ಕೊಟ್ಟ. ಈ ತುದಿಯ ಹಕ್ಕಿಬಂಡೆ, ಆ ತುದಿಯ ಕರಿಮೂಗು, ಈ ಎರಡು ಬಂಡೆಗಳ ನಡುವೆ ನೇರವಾಗಿ ಹೋಗುತ್ತ, ಸಮಾನ ಅಂತರದಲ್ಲಿ, ಒಂದರ ಅಂಚು ಇನ್ನೊಂದರಲ್ಲಿ ಕಾಣುವ ಹಾಗೆ ಚಿತ್ರ ತೆಗೆಯಬೇಕು ಎಂದಷ್ಟೇ ಹೇಳಿದ. ಆಗ ಫಿಲಂ ಕಾಲ. ಒಂದು ಸುರುಳಿಗೆ ಮೂವತ್ತಾರು ಚಿತ್ರ. ಮೊದಲ ಓಟದಲ್ಲಿ ಗೋಡೆ ಅರ್ಧ ಮುಗಿಯುವ ಮೊದಲೇ ಸುರುಳಿ ಮುಗಿಯಿತು. ಎರಡನೆಯದರಲ್ಲಿ ಸುರುಳಿ ಉಳಿಯಿತು, ಗೋಡೆ ಮುಗಿಯಿತು. ಥೆಕ್ಲಾ ಆ ರಾತ್ರಿ ಕೀರ್ತನೆ ಪುಸ್ತಕ ತೆಗೆದು ಕೂತಳು. ನಾಲ್ಕು ಸಾಲಿನ ಒಂಬತ್ತು ಚರಣಗಳಿರುವ ಒಂದು ಕೀರ್ತನೆ ಸಿಕ್ಕಿತು. ಮೂವತ್ತಾರು ಸಾಲು, ಸಾಲಿಗೊಂದು ಚಿತ್ರ. ಊರಿನಲ್ಲಿ ಅದನ್ನು ಹಾಡುವುದೇ ನಿಧಾನ. ಒಂದು ಸಾಲಿಗೆ ಒಂದು ಉಸಿರು. ಹುಟ್ಟಿದಾಗಿನಿಂದ ಭಾನುವಾರ ಭಾನುವಾರ ಹಾಡಿದ್ದು, ಲಯ ತಪ್ಪುವ ಪ್ರಶ್ನೆಯೇ ಇಲ್ಲ. ಬೆಳಗ್ಗೆ ತಮ್ಮನಿಗೆ ಹೇಳಿದಳು, ಹಕ್ಕಿಬಂಡೆಯಿಂದ ಕರಿಮೂಗಿನವರೆಗೆ ಒಂಬತ್ತು ಚರಣದಲ್ಲಿ ತಲುಪುವಷ್ಟು ವೇಗ ಇಡು ಎಂದು. ನಾಲ್ಕು ಸಲ ಓಡಿಸಿ ನೋಡಿ ಆ ವೇಗ ಸಿಕ್ಕಿದಾಗ, ಎಂಜಿನ್ನಿನ ವೇಗ ಹೊಂದಿಸುವ ಹಿಡಿಯ ಪಕ್ಕದಲ್ಲಿ ಕೆಂಪು ಉಗುರುಬಣ್ಣದಿಂದ ಒಂದು ಗೆರೆ ಎಳೆದಳು. ದೋಣಿ ಎರಡು ಸಲ ಬದಲಾಯಿತು, ಫಿಲಂ ಹೋಗಿ ಚಿಪ್ ಬಂತು, ಗೆರೆ ಮಾತ್ರ ಪ್ರತಿ ಸಲ ಹೊಸದಾಗಿ ಅಳೆದು ಎಳೆದದ್ದೇ.

ಗೋಡೆಯ ಮುಂದೆ ಅವಳು ಹಾಡುವುದಿಲ್ಲ. ತುಟಿ ಮುಚ್ಚಿರುತ್ತದೆ, ಕೀರ್ತನೆ ಒಳಗೆ ನಡೆಯುತ್ತದೆ. ಎಂಜಿನ್ನಿನ ನಡುಕ ಕ್ಯಾಮೆರಾಕ್ಕೆ ಹತ್ತದಿರಲೆಂದು ಯಾವುದಕ್ಕೂ ಒರಗುವುದಿಲ್ಲ. ಮಂಡಿ ಸ್ವಲ್ಪ ಬಾಗಿರುತ್ತದೆ, ಮೊಣಕೈ ಪಕ್ಕೆಗೆ ಒತ್ತಿರುತ್ತದೆ. ಸಾಲಿನ ಕೊನೆಗೆ ಉಸಿರು ಹೊರಗೆ, ಬೆರಳು ಕೆಳಗೆ. ತೆಗೆದದ್ದು ಹೇಗೆ ಬಂತೆಂದು ನಡುವೆ ನೋಡುವಂತಿಲ್ಲ.

ಇಪ್ಪತ್ತಮೂರನೆಯ ಆಗಸ್ಟಿನಲ್ಲಿ ರಾಜಧಾನಿ ನೂಕ್‌ನಿಂದ ಮಲಿನಾ ಬಂದಳು. ಮೂವತ್ತರ ಹುಡುಗಿ, ಹಿಮನದಿಗಳ ಮೇಲೆ ಸಂಶೋಧನೆ ಮಾಡುವವಳು. ಥೆಕ್ಲಾ ವರ್ಷವರ್ಷ ಕಳಿಸುವ ಚಿತ್ರಗಳ ಪ್ರತಿ ಈಗ ಸೇರುವುದು ಅವಳ ಕೈಗೆ. ಕಾಫಿ ಕುಡಿದು, ಒಣಮೀನು ಅಗಿದು, ಎರಡನೆಯ ಕಪ್ಪಿಗೂ ಬೇಡವೆನ್ನದೆ, ಆಮೇಲೆ ವಿಷಯಕ್ಕೆ ಬಂದಳು.

“ಚಿಕ್ಕಮ್ಮಾ, ಸುತ್ತಿ ಬಳಸಿ ಹೇಳಲ್ಲ. ಬರೋ ವರ್ಷದಿಂದ ಹಕ್ಕಿಬಂಡೆ ಮೇಲೆ ಒಂದು ಕ್ಯಾಮೆರಾ ಕೂರಿಸ್ತಾರೆ. ಗಂಟೆಗೊಂದು ಫೋಟೊ ತಾನೇ ತೆಗೆಯುತ್ತೆ.”

“ಕಾವಳ ಕವಿದಾಗ್ಲೂ?” ಎಂದ ಎನೋಕ್.

“ಆಗ್ಲೂ.”

“ಹಾಗಾದ್ರೆ ಕಾವಳದ ಫೋಟೊಗೆ ಬರ ಇರಲ್ಲ ಬಿಡು.”

ಮಲಿನಾ ನಕ್ಕಳು. “ಅದಲ್ಲ ಮಾವ ನನ್ನ ಚಿಂತೆ. ಆ ಕ್ಯಾಮೆರಾ ಇನ್ನು ಮುಂದಿನದನ್ನ ತೆಗೆಯುತ್ತೆ. ಹಿಂದಿನ ಇಪ್ಪತ್ತೆರಡು ವರ್ಷದ್ದು ಚಿಕ್ಕಮ್ಮ ತೆಗೆದದ್ದು ಬಿಟ್ರೆ ಬೇರೆ ಎಲ್ಲೂ ಇಲ್ಲ. ಸೆಪ್ಟೆಂಬರಲ್ಲಿ ನಮ್ಮ ಸಭೆ ಇದೆ. ಓಡೋ ದೋಣಿಯಿಂದ ಕೈಯಲ್ಲಿ ಹಿಡಿದು ತೆಗೆದದ್ದು, ಇದನ್ನ ಅಳತೆ ಅಂತ ಒಪ್ಪೋಕಾಗಲ್ಲ, ಆಲ್ಬಮ್ಮಲ್ಲಿ ಅಂಟಿಸಿಡಿ ಅಂತ ಕೆಲವರು ಹೇಳ್ತಿದಾರೆ.”

“ಯಾಕಂತೆ?”

“ಎಲ್ಲಾ ವರ್ಷ ಮೂವತ್ತಾರು ಚಿತ್ರ ಇದೆ. ಎರಡು ಸಾವಿರದ ಹದಿನಾಲ್ಕರಲ್ಲಿ ಮಾತ್ರ ನಲವತ್ತೇಳು. ಗೋಡೆ ಅಷ್ಟು ಅಗಲ ಆಗಿರೋಕೆ ಸಾಧ್ಯ ಇಲ್ಲ. ಒಂದು ವರ್ಷ ಎಣಿಕೆ ತಪ್ಪಿದವರು ಉಳಿದ ವರ್ಷ ತಪ್ಪಿಲ್ಲ ಅಂತ ಏನು ಗ್ಯಾರಂಟಿ ಅಂತಾರೆ.”

ಥೆಕ್ಲಾ ಒಣಮೀನಿನ ಚಾಕುವನ್ನು ಹಲಗೆಯ ಮೇಲಿಟ್ಟಳು. “ನಾನು ಎಣಿಸೋದೇ ಇಲ್ಲವಲ್ಲ, ತಪ್ಪೋದೆಲ್ಲಿಂದ?”

ಆಮೇಲೆ ಕೀರ್ತನೆಯ ವಿಷಯ ಹೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಮಲಿನಾ ಕಪ್ಪನ್ನು ಹಿಡಿದುಕೊಂಡೇ ಕೇಳಿಸಿಕೊಂಡಳು.

“ಇದನ್ನ ಎಲ್ಲೂ ಬರೆದಿಟ್ಟಿಲ್ವಾ?”

“ಕೀರ್ತನೆ ಪುಸ್ತಕದಲ್ಲಿ ಇದೆಯಲ್ಲ.”

“ಒಂಬತ್ತು ಚರಣ ಮುಗಿದ್ರೂ ಕರಿಮೂಗು ಬರದಿದ್ರೆ?”

“ಮತ್ತೆ ಮೊದಲನೇ ಚರಣ. ದೇವರೇನು ಬೇಜಾರು ಮಾಡ್ಕೊಳಲ್ಲ.”

“ಹದಿನಾಲ್ಕರಲ್ಲಿ ಹಾಗೇ ಆಗಿರ್ಬೇಕು. ಯಾಕೆ ಆಯ್ತು, ನೆನಪಿದೆಯಾ?”

ಥೆಕ್ಲಾ ತಮ್ಮನ ಮುಖ ನೋಡಿದಳು, ಎನೋಕ್ ಅಕ್ಕನ ಮುಖ ನೋಡಿದ. ಹದಿನಾಲ್ಕು, ಹದಿನೈದು ಎಂದು ವರ್ಷಗಳಿಗೆ ನಂಬರು ಹಾಕಿ ನೆನಪಿಡುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಆ ವರ್ಷದ ಎದುರಿಗೆ ಇದ್ದದ್ದು ಎರಡೇ ಮಾತು: ‘ಆಗಸ್ಟ್ ಇಪ್ಪತ್ತಾರು. ಶುಭ್ರ.’

“ಕ್ಯಾಮೆರಾ ಬೇಕಾದ್ರೆ ಕೂರಿಸಿಕೊಳ್ಳಿ,” ಎಂದಳು ಥೆಕ್ಲಾ. “ಆದ್ರೆ ನಾನು ತಪ್ಪಿದೀನಿ ಅನ್ನೋದನ್ನ ಒಪ್ಪಲ್ಲ. ನೀನು ದೋಣಿ ಹತ್ತು, ನಿನ್ನ ಕಣ್ಣೆದುರಿಗೇ ತೆಗೀತೀನಿ. ಅಳೆಯೋದೇನಿದೆಯೋ ಅಳೆದುಕೋ.”

“ಅದಕ್ಕೇ ಬಂದಿರೋದು,” ಎಂದಳು ಮಲಿನಾ, ಚೀಲದಿಂದ ಅಂಗೈಯಗಲದ ಜಿಪಿಎಸ್ ತೆಗೆದು ಮೇಜಿನ ಮೇಲಿಟ್ಟು.

ಎರಡು ದಿನ ಕಾವಳ ಬಿಡಲಿಲ್ಲ. ಮೂರನೆಯ ದಿನ ಬೆಳಗ್ಗೆ ಎದ್ದಾಗ ಎದುರು ದಂಡೆಯ ಬೆಟ್ಟದ ಒಂದೊಂದು ಬಿರುಕೂ ಕಾಣುತ್ತಿತ್ತು. ಎಂಟು ಗಂಟೆಗೆ ಹೊರಟರು. ತೇಲುವ ಹಿಮಗಡ್ಡೆಗಳ ನಡುವೆ ದಾರಿ ಹುಡುಕುತ್ತ ಒಳಕಡಲಿನ ತುದಿ ಸೇರುವಾಗ ಹನ್ನೊಂದು. ಮೊದಲ ವರ್ಷ ನೀಲಿ ಗೋಡೆಯ ಹಿಂದೆ ಮರೆಯಾಗಿದ್ದ ಬೆಟ್ಟ ಈಗ ಸೊಂಟದವರೆಗೆ ತೆರೆದುಕೊಂಡಿತ್ತು. ಗೋಡೆ ಹಿಂದೆ ಸರಿದಿತ್ತು. ಹಕ್ಕಿಬಂಡೆ ಮತ್ತು ಕರಿಮೂಗು ಇದ್ದಲ್ಲೇ ಇದ್ದವು.

ಹಕ್ಕಿಬಂಡೆಯ ನೇರಕ್ಕೆ ಬಂದಾಗ ಥೆಕ್ಲಾ ಎಡಗೈ ಎತ್ತಿದಳು. ಎನೋಕ್ ಎಂಜಿನ್ ಹಿಡಿಯನ್ನು ಕೆಂಪು ಗೆರೆಗೆ ತಂದ. ಅಲ್ಲಿಂದ ಮುಂದೆ ಮಾತಿಲ್ಲ.

ಹದಿನೇಳು ಚಿತ್ರ ಆಗಿತ್ತು. ಐದನೆಯ ಚರಣದ ಎರಡನೆಯ ಸಾಲಿನ ನಡುವೆ ಗೋಡೆಯ ಎಡಭಾಗ, ಚರ್ಚಿನಷ್ಟು ಎತ್ತರದ್ದು, ಸದ್ದೇ ಇಲ್ಲದೆ ಜಾರಿತು. ಸದ್ದು ಆಮೇಲೆ ಬಂತು. ಎನೋಕ್ ಅವಸರಪಡಲಿಲ್ಲ. ಗೋಡೆಯ ಕಡೆ ಮೂತಿ ತಿರುಗಿಸಬಾರದೆಂಬ ನಿಯಮಕ್ಕೆ ಇರುವುದು ಒಂದೇ ವಿನಾಯಿತಿ, ಅದು ಅಲೆ. ದೋಣಿಯನ್ನು ತಿರುಗಿಸಿ ಅದಕ್ಕೆ ನೇರ ಮುಖ ಕೊಟ್ಟ. ದೋಣಿ ಮೂರು ಸಲ ಏರಿತು, ಮೂರು ಸಲ ಇಳಿಯಿತು. ಮಲಿನಾ ಎರಡೂ ಕೈಯಿಂದ ಕಂಬಿ ಹಿಡಿದಿದ್ದಳು. ಥೆಕ್ಲಾ ಕ್ಯಾಮೆರಾವನ್ನು ಕೋಟಿನೊಳಗೆ ಅವುಚಿಕೊಂಡು ಮಂಡಿಯೂರಿದ್ದಳು.

ನೀರು ಶಾಂತವಾದ ಮೇಲೆ ಮಲಿನಾ ಪಿಸುಗುಟ್ಟಿದಳು. “ಹದಿನೇಳರ ತನಕ ಬಂದಿದೆ ಚಿಕ್ಕಮ್ಮ. ಇಲ್ಲಿಂದ್ಲೇ ಮುಂದುವರಿಸಿ ಸಾಕು. ನಡುವಿನದನ್ನ ನಾನು ಕಂಪ್ಯೂಟರಲ್ಲಿ ಹೊಲಿದುಕೊಳ್ತೀನಿ.”

“ಬೇಡ.”

“ಯಾರಿಗೂ ಗೊತ್ತಾಗಲ್ಲ.”

“ನಂಗೆ ಗೊತ್ತಾಗುತ್ತಲ್ಲ. ಹರಿದ ಕೀರ್ತನೆಗೆ ತೇಪೆ ಹಾಕೋಕಾಗಲ್ಲ. ವಾಪಸ್ ಹಕ್ಕಿಬಂಡೆಗೆ ನಡಿ.”

ಎನೋಕ್ ಪೆಟ್ರೋಲಿನ ಮುಳ್ಳು ನೋಡಿದ. “ತಾತಾ, ಇನ್ನೊಂದು ಸಲ ಏನಾದ್ರೂ ಬಿತ್ತು ಅಂದ್ರೆ ಮನೆಗೆ ಹುಟ್ಟು ಹಾಕ್ಕೊಂಡೇ ಹೋಗ್ಬೇಕು.”

“ನನ್ನ ಕಾಲದಲ್ಲಿ ಹುಟ್ಟಿನಲ್ಲೇ ಹೋಗ್ತಿದ್ವಿ ಮೊಮ್ಮಗಾ.”

“ನಿನ್ನ ಕಾಲದಲ್ಲಿ ನಿಂಗೆ ಇಷ್ಟು ಹೊಟ್ಟೆ ಇರ್ಲಿಲ್ಲ,” ಎಂದು ಗೊಣಗಿಕೊಂಡೇ ಅವನು ದೋಣಿ ತಿರುಗಿಸಿದ.

ಹಕ್ಕಿಬಂಡೆಯ ಮರೆಯಲ್ಲಿ ಮುಕ್ಕಾಲು ಗಂಟೆ ಕಾದರು. ಕಳಚಿ ಬಿದ್ದ ನೀರ್ಗಲ್ಲು ಚೂರುಚೂರಾಗಿ ಹರಡಿ, ಸೆಳೆತಕ್ಕೆ ಸಿಕ್ಕಿ ಆಚೆ ಸರಿಯುವಷ್ಟರಲ್ಲಿ ಫ್ಲಾಸ್ಕಿನ ಕಾಫಿ ಖಾಲಿಯಾಯಿತು. ಮತ್ತೆ ಎಡಗೈ ಎದ್ದಿತು, ಹಿಡಿ ಗೆರೆಗೆ ಬಂತು. ಏಳು ನಿಮಿಷ ಮಲಿನಾ ಉಸಿರು ಬಿಗಿಹಿಡಿದಳೋ ಏನೋ, ಥೆಕ್ಲಾ ಮಾತ್ರ ಸಾಲಿಗೊಂದರಂತೆ ಲೆಕ್ಕವಾಗಿ ಬಿಟ್ಟಳು. ಒಂಬತ್ತನೆಯ ಚರಣದ ಕೊನೆಯ ಸಾಲಿಗೆ ಕರಿಮೂಗು ಚಿತ್ರದ ಬಲ ಅಂಚಿಗೆ ಬಂದು ಕೂತಿತು.

ಕೊಲ್ಲಿಯ ತಿರುವು ದಾಟಿ ಗೋಡೆ ಮರೆಯಾದ ಮೇಲೆ ಮಲಿನಾ ಜಿಪಿಎಸ್ ನೋಡಿ ಹೇಳಿದಳು. “ಮೂವತ್ತಾರು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಐವತ್ತೈದು ಮೀಟರು. ಹೆಚ್ಚು ಅಂದ್ರೆ ಎರಡು ಮೀಟರು ಆಚೀಚೆ.” ಅವಳ ದನಿಯಲ್ಲಿ ನಂಬಲಾಗದ ಭಾವ ಇತ್ತು.

“ಎರಡು ಮೀಟರು ಎನೋಕಂದು,” ಎಂದಳು ಥೆಕ್ಲಾ. “ಅವನು ಮೂಗು ಒರೆಸಿಕೊಂಡಾಗ ಹಿಡಿ ಅಲ್ಲಾಡುತ್ತೆ.”

ಮಲಿನಾ ನಗಲಿಲ್ಲ. “ಇವತ್ತಿನದು ಸರಿ ಚಿಕ್ಕಮ್ಮ. ಆದ್ರೆ ಅವರು ಹದಿನಾಲ್ಕನ್ನೇ ಹಿಡ್ಕೊಂಡು ಕೂರ್ತಾರೆ. ಆ ಹನ್ನೊಂದು ಚಿತ್ರಕ್ಕೆ ನನ್ನ ಹತ್ರ ಉತ್ತರ ಇಲ್ಲ.”

ಥೆಕ್ಲಾ ಲೆನ್ಸಿಗೆ ಮುಚ್ಚಳ ಹಾಕಿದಳು. ಕೀರ್ತನೆ ತಪ್ಪಿಲ್ಲ ಎಂಬುದರಲ್ಲಿ ಅನುಮಾನವಿರಲಿಲ್ಲ. ಹಾಗಾದರೆ ತಪ್ಪಿದ್ದೇನು?

ಅರ್ಧ ದಾರಿಯಲ್ಲಿ ಎನೋಕ್ ಥಟ್ಟನೆ ಎಂಜಿನ್ ಇಳಿಸಿ ಕೋವಿಗೆ ಕೈ ಹಾಕಿದ. ತೇಲುವ ಹಲಗೆಯಂಥ ನೀರ್ಗಲ್ಲಿನ ಮೇಲೆ ಗಡ್ಡದ ಸೀಲೊಂದು ಮೈಚಾಚಿ ಬಿಸಿಲು ಕಾಯುತ್ತಿತ್ತು. ಒಂದೇ ಗುಂಡು. ಮೂರು ಆಳಿನ ತೂಕದ ಪ್ರಾಣಿ, ಮೂವರೂ ಎಳೆದರೂ ದೋಣಿಯೊಳಕ್ಕೆ ಬರುವಂಥದ್ದಲ್ಲ. ಎನೋಕ್ ಅದನ್ನು ಪಕ್ಕಕ್ಕೆ ಹಗ್ಗದಿಂದ ಬಿಗಿದು, ಕೈ ತೊಳೆದು, ಹಿಡಿಯನ್ನು ಮತ್ತೆ ಕೆಂಪು ಗೆರೆಗೆ ತಂದ. ಅದು ಅವನ ಕೈಗೆ ರೂಢಿಯಾದ ಜಾಗ.

ಸ್ವಲ್ಪ ದೂರ ಹೋದ ಮೇಲೆ ಮಲಿನಾ ತಲೆಯೆತ್ತಿದಳು. “ಮಾವ, ನಿಧಾನ ಮಾಡಿದ್ರಾ?”

“ಇಲ್ಲವಲ್ಲ. ಗೆರೆ ಮೇಲೇ ಇದೆ ನೋಡು.”

“ಗೋಡೆ ಮುಂದೆ ಇದೇ ಗೆರೆಗೆ ಗಂಟೆಗೆ ಹದಿನೇಳು ಕಿಲೋಮೀಟರ್ ಇತ್ತು. ಈಗ ಹದಿನೈದು.”

“ಸೀಲು ಎಳೆಯುತ್ತೆ, ಇನ್ನೇನು? ಇದೇನು ಮಹಾ. ನನ್ನ ಮಗಳು ಆವಿಯಾಕ್‌ಗೆ ಚರ್ಚಲ್ಲಿ ದೃಢೀಕರಣದ ಶಾಸ್ತ್ರ ಆಯ್ತಲ್ಲ, ಆ ಸಲ ಕೋಡುಹಲ್ಲಿನ ತಿಮಿಂಗಿಲ ಕಟ್ಕೊಂಡು ಬಂದಿದ್ವಿ. ದಿನ ತುಂಬಿದ ಬಸುರಿ ನಡೆದ ಹಾಗೆ ಬಂತು ದೋಣಿ.”

“ಎಲ್ಲಿಂದ ಕಟ್ಕೊಂಡು ಬಂದ್ರಿ?”

“ಇಲ್ಲಿಂದ್ಲೇ. ಹಕ್ಕಿಬಂಡೆ ಆಚೆ ಸಿಕ್ತು. ಪರವಾನಗಿ ಕಾಗದ ಇತ್ತಮ್ಮ, ಹಾಗೆ ನೋಡ್ಬೇಡ. ಮೂರು ವಾರದ ಕಾವಳ ಅವತ್ತೇ ಬಿಟ್ಟಿತ್ತು. ನಾನು ಮಾಂಸ ಕೆಡುತ್ತೆ, ಸೀದಾ ಮನೆಗೆ ಹೋಗೋಣ ಅಂದೆ. ನಮ್ಮ ತಾತ ಕೇಳಬೇಕಲ್ಲ! ಇವತ್ತು ಬಿಟ್ರೆ ಈ ವರ್ಷ ಗೋಡೆ ಕಾಣಲ್ಲ, ಫೋಟೊ ತೆಗೆದೇ ಹೋಗೋದು ಅಂತ ಹಟ.”

ಮಲಿನಾ ಜಿಪಿಎಸ್‌ನ್ನು ಮಡಿಲಲ್ಲಿಟ್ಟಳು. “ಆವಿಯಾಕ್‌ಗೆ ಆಗ ಎಷ್ಟು ವಯಸ್ಸು?”

“ಹದಿನಾಲ್ಕು.”

“ಈಗ?”

“ಇಪ್ಪತ್ತನಾಲ್ಕು. ಯಾಕೆ, ಗಂಡು ನೋಡ್ತೀಯಾ?”

ಮಲಿನಾ ಬೆರಳು ಮಡಚಿ ಹತ್ತು ವರ್ಷ ಹಿಂದಕ್ಕೆ ಎಣಿಸಿ ಎರಡು ಸಾವಿರದ ಹದಿನಾಲ್ಕಕ್ಕೆ ಬಂದು ನಿಂತಳು. ಮೊದಲು ಬಾಯಿ ಬಿಟ್ಟವಳು ಥೆಕ್ಲಾ.

“ಅಯ್ಯೋ ನಿನ್ನ! ಅದು ದೃಢೀಕರಣಕ್ಕೆ ಪಾದ್ರಿಗಳ ದೋಣಿ ತಡವಾಗಿ ಬಂದ ವರ್ಷ ಕಣೇ. ಹದಿನಾಲ್ಕು ಅಂತ ನಂಬರು ಹೇಳಿದ್ರೆ ಯಾರಿಗೆ ಗೊತ್ತಾಗುತ್ತೆ? ಪಾದ್ರಿ ತಡವಾದ ವರ್ಷ ಅಂದಿದ್ರೆ ಆವತ್ತೇ ಹೇಳ್ತಿದ್ದೆ.”

“ಬರೆದಿಡಬಾರದಿತ್ತಾ ಚಿಕ್ಕಮ್ಮ? ತಿಮಿಂಗಿಲ ಕಟ್ಟಿತ್ತು ಅಂತ ಒಂದೇ ಒಂದು ಸಾಲು?”

“ಬರೆಯೋದೇನಿದೆ ಅದ್ರಲ್ಲಿ? ಊರೆಲ್ಲ ತಿಂದಿತ್ತಲ್ಲ!”

ನೂರ ಎಂಬತ್ತು ಜನ ಎರಡು ದಿನ ಕೂತು ತಿಂದ ಸಂಗತಿಯನ್ನು ಕಾಗದದ ಮೇಲೆ ಬರೆದಿಡಬೇಕೆಂದು ಆ ಊರಿನಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಮನೆಗೆ ಬಂದವಳೇ ಮಲಿನಾ ತನ್ನ ಕಂಪ್ಯೂಟರಿನಲ್ಲಿದ್ದ ಆ ವರ್ಷದ ಚಿತ್ರಗಳನ್ನು ತೆರೆದಳು. ಹಗ್ಗವೂ ಇಲ್ಲ, ತಿಮಿಂಗಿಲವೂ ಇಲ್ಲ. ಗೋಡೆ, ನೀರು, ಅಷ್ಟೇ. ಥೆಕ್ಲಾ ಹಿಂದಿನಿಂದ ಬಗ್ಗಿ ನೋಡಿದಳು.

“ಇದು ನಾನು ತೆಗೆದದ್ದಲ್ಲ. ದೋಣಿಯ ಅಂಚು ಎಲ್ಲಿ?”

ಮಲಿನಾಳ ಕಿವಿ ಕೆಂಪಾಯಿತು. ದೋಣಿಯ ಅಂಚು ಅಳತೆಗೆ ಬೇಡವೆಂದು ಎಲ್ಲ ವರ್ಷದ ಎಲ್ಲ ಚಿತ್ರಗಳ ಕೆಳತುದಿಯನ್ನು ಕತ್ತರಿಸಿದವಳು ಅವಳೇ. ಥೆಕ್ಲಾ ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದಳು. ಪ್ರತಿ ವರ್ಷದ ಫಿಲಂ ಸುರುಳಿ ಇಲ್ಲವೇ ಚಿಪ್ ಒಂದೊಂದು ಲಕೋಟೆಯಲ್ಲಿತ್ತು. ಕತ್ತರಿಸದ ನಲವತ್ತೇಳು ಚಿತ್ರಗಳು ಪರದೆಯ ಮೇಲೆ ಸಾಲಾಗಿ ಬಂದವು. ಪ್ರತಿಯೊಂದರ ಕೆಳ ಅಂಚಿನಲ್ಲೂ ದೋಣಿಯ ಬದಿ, ಅದರ ಮೇಲೆ ತಂತಿಯಂತೆ ಬಿಗಿದ ಹಳದಿ ಹಗ್ಗ. ಕೊನೆಯ ಒಂಬತ್ತರಲ್ಲಿ ನೀರಿನಿಂದ ಎದ್ದ ಬಾಲದ ರೆಕ್ಕೆಯೂ ಇತ್ತು.

“ಮೀನಿನ ತಲೆ ಕತ್ತರಿಸೋರು ನಾವು,” ಎಂದ ಎನೋಕ್ ಬಾಗಿಲಲ್ಲಿ ನಿಂತು, “ನೀನು ಬಾಲ ಕತ್ತರಿಸಿದೀಯಲ್ಲ ಹುಡುಗಿ.”

“ಬಿಡು ಅವಳನ್ನ,” ಎಂದಳು ಥೆಕ್ಲಾ. “ಹೋಗಿ ಸೀಲು ಕೊಯ್ಯಿ.”

ಮಲಿನಾ ಆ ಸಂಜೆ ಮೇಜು ಬಿಟ್ಟು ಏಳಲಿಲ್ಲ. ಎರಡು ಬಂಡೆಗಳ ನಡುವಿನ ದೂರವನ್ನು ನಲವತ್ತೇಳರಿಂದ ಭಾಗಿಸಿದಳು. ಚಿತ್ರಗಳಲ್ಲಿ ಹಿಂದಿನ ಬೆಟ್ಟದ ಬಿರುಕುಗಳು ಒಂದರಿಂದ ಒಂದಕ್ಕೆ ಎಷ್ಟು ಸರಿದಿವೆ ಎಂದು ಅಳೆದಳು. ಮೊದಲ ಚಿತ್ರದಿಂದ ಕೊನೆಯದರವರೆಗೆ ಅಂತರ ಒಂದೇ ಸಮ. ದೋಣಿ ನಿಧಾನವಾಗಿತ್ತು, ಕೀರ್ತನೆ ನಿಧಾನವಾಗಿರಲಿಲ್ಲ. ತಪ್ಪೆಂದು ತಳ್ಳಿದ್ದ ವರ್ಷವೇ ಉಳಿದ ವರ್ಷಗಳಿಗೆ ಸಾಕ್ಷಿಯಾಗಿ ನಿಂತಿತ್ತು.

“ಚಿಕ್ಕಮ್ಮಾ, ಸಭೆಯಲ್ಲಿ ಈ ಕೀರ್ತನೆ ಹಾಡಿ ತೋರಿಸಿ ಅಂದ್ರೆ ಏನು ಮಾಡ್ಲಿ?”

“ಹಾಡು. ನಿಂಗೆ ಬರಲ್ವಾ?”

“ಎರಡು ಚರಣ ಬರುತ್ತೆ.”

“ಎಂಟೇ ಫೋಟೊಗೆ ಆಯ್ತು,” ಎಂದು ಥೆಕ್ಲಾ ಕೀರ್ತನೆ ಪುಸ್ತಕವನ್ನು ಅವಳ ಚೀಲಕ್ಕೆ ತುರುಕಿದಳು.

ಮಲಿನಾಳ ಫೋನು ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ, ಕೆಲಸದ ನಡುವೆ. ಥೆಕ್ಲಾಳ ಕೈಗವಸು ಮೊಣಕೈವರೆಗೆ ಮೀನಿನ ಲೋಳೆಯಾಗಿತ್ತು. ಮೀನು ಇಳಿಸಲು ಬಂದಿದ್ದ ಎನೋಕ್ ಫೋನನ್ನು ಅವಳ ಕಿವಿಗೆ ಹಿಡಿದು ನಿಂತ. ಅವಳು ಎರಡು ಸಲ ‘ಹೂಂ’ ಎಂದಳು, ಒಂದು ಸಲ ‘ಇಲ್ಲ’ ಎಂದಳು, ಗದ್ದ ಆಡಿಸಿ ಸಾಕು ಎಂದು ಸನ್ನೆ ಮಾಡಿದಳು. ಸಾಲಿನಲ್ಲಿದ್ದ ಹೆಂಗಸರ ಚಾಕುಗಳು ನಿಂತಿದ್ದವು.

“ತಾತಾ, ಏನಂತೆ?”

“ಇಪ್ಪತ್ತಮೂರೂ ವರ್ಷ ಅಳತೆ ಅಂತ ಒಪ್ಪಿದ್ರಂತೆ. ಪಾದ್ರಿ ತಡವಾದ ವರ್ಷದ್ದೂ ಸೇರಿ. ಬಂಡೆ ಮೇಲೆ ಕ್ಯಾಮೆರಾ ಇರುತ್ತಂತೆ, ಆಗಸ್ಟಲ್ಲಿ ನಾವೂ ಹೋಗಬೇಕಂತೆ.”

“ಅಷ್ಟೇನಾ?”

“ಇನ್ನೊಂದು ಮಾತು ಹೇಳಿದ್ಲು. ಬರೋ ವರ್ಷ ಹೋಗುವಾಗ ನಿನ್ನ ಹಗ್ಗ ಮನೇಲಿ ಬಿಟ್ಟು ಬರಬೇಕಂತೆ.”

ಹೆಂಗಸರು ನಕ್ಕರು. ಥೆಕ್ಲಾ ಮುಂದಿನ ಮೀನನ್ನು ಹಲಗೆಯ ಮೇಲೆ ಎಳೆದುಕೊಂಡಳು.

ಅವಳ ನೋಟ್‌ಬುಕ್ಕಿನಲ್ಲಿ ಆ ವರ್ಷದ ಬರಹ ಹಿಂದಿನ ಯಾವ ವರ್ಷದ್ದಕ್ಕಿಂತಲೂ ಉದ್ದವಾಗಿದೆ: ‘ಆಗಸ್ಟ್ ಹತ್ತೊಂಬತ್ತು. ಶುಭ್ರ. ಮೊದಲ ಓಟ ಐದನೆಯ ಚರಣದಲ್ಲಿ ಮುರಿಯಿತು. ಎರಡನೆಯದು ಪೂರ್ತಿ. ಗೋಡೆಯ ಮುಂದೆ ದೋಣಿಗೆ ಏನೂ ಕಟ್ಟಿರಲಿಲ್ಲ. ಬರುವಾಗ ಗಡ್ಡದ ಸೀಲು ಒಂದು. ಮಾಂಸ ಚೆನ್ನಾಗಿತ್ತು.’